ಹದಿನೆಂಟನೆಯ ನಿಮಿಷ

ರಾತ್ರಿ ಹನ್ನೊಂದೂವರೆ ದಾಟಿತ್ತು. ಅಡಿಗೆಮನೆಯ ಕಡೆಯಿಂದ ಟಿಕ್ ಎಂದು ಸಣ್ಣದೊಂದು ಸದ್ದು ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಕ್. ನಾನು ಮಲಗಿದಲ್ಲೇ ಕಿವಿಗೊಟ್ಟೆ. ಗ್ಯಾಸಿನ ಗುಂಡಿಯಲ್ಲ, ಅದು ತಿರುಗುವಾಗ ಕಿರುಗುಟ್ಟುತ್ತದೆ. ಬಾಗಿಲ ಚಿಲಕವಲ್ಲ, ಅದನ್ನು ಎರಡು ಸಲ ಎಳೆದು ನೋಡಿಯೇ ಬಂದು ಮಲಗಿದ್ದೆ. ಬಾಲ್ ಪೆನ್ನಿನ ತುದಿ ಒತ್ತಿದ ಸದ್ದು ಅದು. ಬರೆಯುವುದಕ್ಕೆ ಒಮ್ಮೆ, ಬರೆದಾದ ಮೇಲೆ ಒಮ್ಮೆ.

ಅಣ್ಣನಿಗೆ ಆ ವಾರ ರಾತ್ರಿ ಪಾಳಿ. ಹಾಗಾಗಿ ಎದ್ದಿರುವವರು ಅತ್ತಿಗೆಯೇ. ಗ್ಯಾಸ್ ಬುಕ್ ಮಾಡಿದ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿರಬೇಕು ಎಂದುಕೊಂಡು ಮಗ್ಗುಲಾದೆ. ನನ್ನ ಹಾಸಿಗೆಯಿಂದ ಅಡಿಗೆಮನೆಗೆ ಹತ್ತು ಹೆಜ್ಜೆ. ಯಾವ ಸದ್ದಾದರೂ ಎದ್ದು ನೋಡಿ ಬರುವವಳು ನಾನು. ಆ ರಾತ್ರಿ ಏಳಲಿಲ್ಲ.

ನಮ್ಮದು ಮೂರು ಜನರ ಮನೆ. ಅಣ್ಣನಿಗೆ ಊರಿಗೆ ನೀರು ಬಿಡುವ ಪಂಪ್ ಹೌಸಿನಲ್ಲಿ ಕೆಲಸ. ಅತ್ತಿಗೆ ಹನ್ನೆರಡು ವರ್ಷ ಪರದೆ ಅಂಗಡಿಯೊಂದರಲ್ಲಿ ಬಟ್ಟೆ ಕತ್ತರಿಸುತ್ತಿದ್ದರು. ಕಿಟಕಿಯ ಅಳತೆ ಹೇಳಿದರೆ ಸಾಕು, ಟೇಪು ಹಿಡಿಯದೆ ಕತ್ತರಿ ಓಡಿಸುತ್ತಾರೆ ಎಂದು ಅಂಗಡಿಯ ಯಜಮಾನ ಹೇಳಿಕೊಂಡು ತಿರುಗುತ್ತಿದ್ದನಂತೆ. ಆ ಅಂಗಡಿ ಮುಚ್ಚಿ ಒಂದೂವರೆ ವರ್ಷವಾಗಿತ್ತು. ಅತ್ತಿಗೆಯ ಉದ್ದನೆಯ ಕತ್ತರಿ ಒಂದು ಟವೆಲಿನಲ್ಲಿ ಸುತ್ತಿಕೊಂಡು ಬೀರುವಿನ ಅಡಿಗೆ ಹೋಗಿತ್ತು.

ಆದರೆ ಮನೆಯಲ್ಲಿ ನಗು ಎನ್ನುವುದೊಂದು ಇದ್ದರೆ ಅದು ಅತ್ತಿಗೆಯಿಂದಲೇ. ರಾತ್ರಿ ಊಟಕ್ಕೆ ಕೂತಾಗ ಅವರು ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡರೆ ಯಾರದೋ ಅನುಕರಣೆ ಶುರುವಾಯಿತು ಎಂದೇ ಅರ್ಥ. ಅಣ್ಣನ ಮ್ಯಾನೇಜರು ಮೂಗಿನಲ್ಲಿ ಮಾತಾಡುವುದು, ಮೇಲಿನ ಮನೆಯಾಕೆ ಫೋನಿನಲ್ಲಿ ತಂಗಿಗೆ ಬುದ್ಧಿ ಹೇಳುವುದು, ನಾನು ಬಾಗಿಲು ಹಾಕಿ, ತೆಗೆದು, ಮತ್ತೆ ಹಾಕುವುದು. ಅಣ್ಣ ತಟ್ಟೆ ಪಕ್ಕಕ್ಕಿಟ್ಟು ಕಣ್ಣೊರೆಸಿಕೊಳ್ಳುವಷ್ಟು ನಗುತ್ತಿದ್ದ. ‘ನಾಟಕದ ಕಂಪನಿ ಸೇರೋದು ಬಿಟ್ಟು ನನ್ನ ಕಟ್ಕೊಂಡಳು ನೋಡು’ ಎನ್ನುವುದು ಅವನ ಖಾಯಂ ಮಾತು.

ನಾನು ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಒಂಬತ್ತು ವರ್ಷದಿಂದ ನೋಂದಣಿ ಕಿಟಕಿಯ ಹಿಂದೆ ಕೂತವಳು. ಹೆಸರು, ವಯಸ್ಸು, ಮೊದಲ ಸಲವೋ ಎರಡನೆಯ ಸಲವೋ, ಚೀಟಿ ತಗೊಳ್ಳಿ, ಎರಡನೇ ಬೆಂಚಿನಲ್ಲಿ ಕೂತ್ಕೊಳ್ಳಿ. ಕಾಲೇಜಿನಲ್ಲಿ ಮನಃಶಾಸ್ತ್ರ ಓದಿದ್ದೆ ಎನ್ನುವುದು ನನಗೇ ಮರೆತುಹೋಗಿತ್ತು. ಕಳೆದ ವರ್ಷ ಕೇಂದ್ರದಲ್ಲಿ ಡಾಕ್ಟರುಗಳು ಸಾಲದೆ ಬಂದು, ಡಿಗ್ರಿ ಇದ್ದ ಸಿಬ್ಬಂದಿಗೇ ತರಬೇತಿ ಕೊಟ್ಟು ಖಿನ್ನತೆಯವರನ್ನು ನೋಡಿಕೊಳ್ಳಲು ಬಿಡುವುದು ಎಂದು ತೀರ್ಮಾನವಾಯಿತು. ಆರು ಜನರನ್ನು ಆರಿಸಿದರು. ನಾನೂ ಒಬ್ಬಳು. ಆ ದಿನ ಅಣ್ಣ ಪಂಪ್ ಹೌಸಿನಲ್ಲಿ ಎಲ್ಲರಿಗೂ ಟೀ ಕುಡಿಸಿ ಬಂದ.

ಕಲಿಸಿದವರು ಮೂವತ್ತು ವರ್ಷ ವಾರ್ಡುಗಳಲ್ಲಿ ನರ್ಸಾಗಿದ್ದ ಹೆಂಗಸು. ಎಲ್ಲರೂ ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಅವರು ಹೇಳಿಕೊಟ್ಟದ್ದು ಕೇಳುವುದಕ್ಕೆ ಸುಲಭ. ಖಿನ್ನತೆಯಲ್ಲಿರುವವರು ಮನಸ್ಸು ಸರಿಯಾಗಲಿ, ಆಮೇಲೆ ಏಳೋಣ ಎಂದು ಮಲಗಿರುತ್ತಾರೆ. ಮಲಗಿದಷ್ಟೂ ಮನಸ್ಸು ಕೆಳಗೆ ಹೋಗುತ್ತದೆ. ಅದನ್ನು ಹಿಂದುಮುಂದು ಮಾಡಬೇಕು. ಮೊದಲು ಕೈಕಾಲು ಆಡಿಸುವ ಒಂದು ಸಣ್ಣ ಕೆಲಸ, ಅವರಿಗೆ ಹಿಂದೆ ಇಷ್ಟವಾಗಿದ್ದದ್ದು, ಇಂಥ ದಿನ ಇಂಥ ಹೊತ್ತಿಗೆ ಎಂದು ಗೊತ್ತುಮಾಡಿಕೊಂಡು. ಮನಸ್ಸು ತಡವಾಗಿ, ಗೊಣಗಿಕೊಂಡು, ಹಿಂದಿನಿಂದ ಬರುತ್ತದೆ. ಇದಕ್ಕೆ ಒಂದು ದಿನಚರಿ ಹಾಳೆ ಇತ್ತು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಗಂಟೆಗೊಂದು ಮನೆ. ಆ ಗಂಟೆಯಲ್ಲಿ ಏನು ಮಾಡಿದಿರಿ ಎಂದು ಬರೆದು, ಆಗ ಮನಸ್ಸು ಹೇಗಿತ್ತು ಎನ್ನುವುದಕ್ಕೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹಾಕಬೇಕು.

ಮೊದಲ ದಿನವೇ ಅವರು ಇನ್ನೊಂದು ಮಾತು ಹೇಳಿದ್ದರು. ಎದುರಿಗಿರುವವರ ಬಾಯಲ್ಲಿ, ಹೇಗೇ ಬರಲಿ, ತಮಾಷೆಯಾಗೇ ಬರಲಿ, ಬದುಕಿರುವುದು ಬೇಡ ಎನ್ನುವಂಥ ಮಾತು ಬಂದರೆ ಪೆನ್ನು ಕೆಳಗಿಡಿ, ಹಾಳೆ ಪಕ್ಕಕ್ಕೆ ಸರಿಸಿ, ನೇರವಾಗಿ ಕೇಳಿ. ಸಾಯಬೇಕು ಅನ್ನಿಸುತ್ತಾ ಎಂದು ಅದೇ ಪದದಲ್ಲಿ ಕೇಳಿ. ಕೇಳಿದರೆ ಯಾರೂ ಸಾಯುವುದಿಲ್ಲ. ನಾನು ಅದನ್ನು ನೋಟ್ ಪುಸ್ತಕದಲ್ಲಿ ಬರೆದು ಕೆಂಪು ಗೆರೆ ಎಳೆದಿದ್ದೆ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ನನಗೆ ಪೂರ್ತಿ ಅಂಕ.

ತರಗತಿ ಮುಗಿದ ಮೇಲೆ ಪ್ರತಿಯೊಬ್ಬರೂ ನಿಜವಾದ ರೋಗಿಯೊಡನೆ ಕೂತು, ಅವರ ಒಪ್ಪಿಗೆ ಪಡೆದು, ಮೂರು ಭೇಟಿಗಳನ್ನು ರೆಕಾರ್ಡ್ ಮಾಡಿ ಒಪ್ಪಿಸಬೇಕಿತ್ತು. ಮೂರೂ ಒಬ್ಬರದೇ ಆಗಬೇಕೆಂದೇನೂ ಇರಲಿಲ್ಲ. ದೊಡ್ಡ ಸಿಸ್ಟರ್ ಹನ್ನೆರಡು ಅಂಶದ ಪಟ್ಟಿ ಹಿಡಿದು ಅದನ್ನು ಕೇಳುತ್ತಾರೆ. ಹಿಂದಿನ ವಾರದ ಹಾಳೆ ನೋಡಿದರೇ? ಕೆಲಸಕ್ಕೂ ಮನಸ್ಸಿಗೂ ಇರುವ ಸಂಬಂಧ ತೋರಿಸಿಕೊಟ್ಟರೇ? ಮುಂದಿನ ಕೆಲಸ ಎಲ್ಲಿ, ಯಾವಾಗ, ಯಾರ ಜೊತೆ ಎಂದು ಗೊತ್ತುಮಾಡಿದರೇ? ಮೂರೂ ರೆಕಾರ್ಡಿಂಗ್ ಪಾಸಾದವರಿಗೆ ಒಂದು ಕೋಣೆ, ಒಂದು ಮೇಜು, ಬಾಗಿಲ ಮೇಲೆ ಹೆಸರಿನ ಫಲಕ. ಆಗದವರು ಹಳೆಯ ಕುರ್ಚಿಗೆ ವಾಪಸು.

ನನಗೆ ಸಿಕ್ಕ ರೋಗಿ ಬೀಗ ರಿಪೇರಿ ಮಾಡುವ ಒಬ್ಬ ಮುದುಕ. ಎರಡು ಸಲ ಬಂದ. ಎರಡನೆಯ ಸಲ ನಾನು ಐದನೆಯ ಅಂಶದಿಂದ ಆರನೆಯದಕ್ಕೆ ಹೋಗುತ್ತಿರುವಾಗ ಅವನು ತನ್ನ ಟೋಪಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡು, ‘ಮೇಡಂ, ನೀವು ನನ್ನ ಮಾತು ಕೇಳ್ತಿದೀರೋ, ಆ ಪೇಪರ್ ಓದ್ತಿದೀರೋ?’ ಎಂದ. ನಾನು ನಕ್ಕು ಏನೋ ಹೇಳಿದೆ. ಮೂರನೆಯ ಸಲ ಅವನು ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಸೋಮವಾರ ಮೂರನೆಯ ರೆಕಾರ್ಡಿಂಗ್ ಕೊಡಬೇಕು, ಶನಿವಾರ ಸಂಜೆಯಾದರೂ ನನ್ನ ಕೈಯಲ್ಲಿ ಏನೂ ಇಲ್ಲ. ಇನ್ನೊಂದು ವಾರ ಕೊಡಿ ಎಂದು ಕೇಳಬಹುದಿತ್ತು. ಕೇಳಿದರೆ ರೋಗಿ ಯಾಕೆ ಬರಲಿಲ್ಲ ಎಂದು ದೊಡ್ಡ ಸಿಸ್ಟರ್ ಕೇಳುತ್ತಾರೆ. ಅದಕ್ಕೆ ಉತ್ತರ ನನಗೆ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಅಣ್ಣ ಪಾಳಿ ಮುಗಿಸಿ ಬಂದು ಮಲಗಿದ್ದ. ಅತ್ತಿಗೆ ಅಡಿಗೆಮನೆಯಲ್ಲಿ ಕಟ್ಟೆ ಒರೆಸುತ್ತಿದ್ದರು.

‘ಅತ್ತಿಗೆ, ಒಂದು ಉಪಕಾರ ಆಗ್ಬೇಕಿತ್ತು.’

‘ಕಿಡ್ನಿ ಒಂದು ಬಿಟ್ಟು ಏನು ಬೇಕಾದ್ರೂ ಕೇಳು.’

ಹೇಳಿದೆ. ಅರ್ಧ ಗಂಟೆ ನೀವು ಖಿನ್ನತೆಯ ರೋಗಿ, ನಾನು ಕೌನ್ಸೆಲರ್. ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ. ಅವರು ಬಟ್ಟೆ ಹಿಂಡಿ ನಲ್ಲಿಯ ಮೇಲೆ ಹಾಕಿದರು.

‘ಎಂಥ ಪೇಷೆಂಟು? ಅಳೋದಾ, ಮೂಕಿಯಾಗಿ ಕೂರೋದಾ?’

‘ಮಧ್ಯಮ ಸಾಕು. ತೀರಾ ಜಾಸ್ತಿ ಬೇಡ, ಆಮೇಲೆ ಡಾಕ್ಟರಿಗೆ ಕಳಿಸ್ಬೇಕಿತ್ತು ಅಂತಾರೆ.’

‘ಸಕ್ಕರೆ ಎಷ್ಟು ಚಮಚ ಅಂತ ಹೇಳಿದ ಹಾಗಿದೆ’ ಎಂದು ನಕ್ಕರು.

ಅಡಿಗೆಮನೆಯ ಮೇಜಿನ ಮೇಲೆ ರೆಕಾರ್ಡರ್ ಇಟ್ಟೆ. ನಾನು ಅಂಶಗಳ ಪಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಅತ್ತಿಗೆ ಗಂಟಲು ಸರಿಮಾಡಿಕೊಳ್ಳಲಿಲ್ಲ, ದನಿ ಬದಲಿಸಲಿಲ್ಲ. ಅದು ನನ್ನ ಗಮನಕ್ಕೆ ಬಂದಿತ್ತು. ಯಾರನ್ನು ಅನುಕರಿಸಬೇಕಾದರೂ ಮೊದಲು ದನಿ ಬದಲಿಸುವವರು ಇವತ್ತು ತಮ್ಮದೇ ದನಿಯಲ್ಲಿ ಮಾತಾಡುತ್ತಿದ್ದಾರೆ. ಎಷ್ಟು ಸಹಜವಾಗಿ ಬರುತ್ತಿದೆ ಎಂದುಕೊಂಡು ಖುಷಿಪಟ್ಟೆ. ಮೊದಲು ಏನು ಇಷ್ಟವಾಗುತ್ತಿತ್ತು ಎಂದು ಕೇಳಿದಾಗ, ಬಟ್ಟೆ ಕತ್ತರಿಸುವಾಗ ಕತ್ತರಿ ನಿಲ್ಲದೆ ಒಂದೇ ಸಮನೆ ಓಡುವ ಸದ್ದು ಎಂದರು. ಕೊನೆಗೆ ಎರಡು ಕೆಲಸ ಗೊತ್ತುಮಾಡಿದೆವು. ಬುಧವಾರ ಮಧ್ಯಾಹ್ನ ಮೂರಕ್ಕೆ ಕತ್ತರಿ ಹೊರಗೆ ತೆಗೆದು ಯಾವುದಾದರೂ ಹಳೇ ಬಟ್ಟೆ ಕತ್ತರಿಸುವುದು, ಶುಕ್ರವಾರ ಸಂಜೆ ಒಬ್ಬರೇ ಮೂಲೆಯ ಪಾರ್ಕಿನವರೆಗೆ ನಡೆದು ಬರುವುದು. ಸದ್ದು ಕೇಳಿಸಬೇಕಲ್ಲ ಎಂದು ದಿನಚರಿ ಹಾಳೆಯ ಕಟ್ಟೊಂದನ್ನು ಮೇಜಿನ ಮೇಲೆ ಸರಬರ ಎನ್ನಿಸಿ ಅವರ ಕಡೆ ತಳ್ಳಿದೆ. ರೆಕಾರ್ಡರ್ ಆಫ್ ಮಾಡಿ ಚಪ್ಪಾಳೆ ತಟ್ಟಿದೆ.

‘ಅತ್ತಿಗೆ, ನಿಮಗೆ ಬಹುಮಾನ ಕೊಡ್ಬೇಕು.’

ಅವರು ಹಾಳೆಗಳನ್ನು ಜೋಡಿಸುತ್ತ, ‘ಬಹುಮಾನ ನಿನಗೆ ಬರ್ಲಿ’ ಎಂದರು.

ರೋಗಿಯ ಸಂಖ್ಯೆ ಇಲ್ಲದೆ ರೆಕಾರ್ಡಿಂಗ್ ತೆಗೆದುಕೊಳ್ಳುವುದಿಲ್ಲ. ಅದಕ್ಕೂ ನನಗೆ ದಾರಿ ಗೊತ್ತಿತ್ತು. ಒಬ್ಬರೇ ಎರಡು ಸಲ ನೋಂದಾಯಿಸಿಕೊಂಡಾಗ ಒಂದು ಸಂಖ್ಯೆಗೆ ರದ್ದು ಎಂದು ಮೊಹರು ಹಾಕುತ್ತೇವೆ. ಅಂಥ ಸಂಖ್ಯೆಗಳು ರಿಜಿಸ್ಟರಿನಲ್ಲಿ ಯಾರದೂ ಅಲ್ಲದೆ ಬಿದ್ದಿರುತ್ತವೆ. ಕಿಟಕಿಯ ಹಿಂದೆ ಒಂಬತ್ತು ವರ್ಷ ಕೂತವಳಿಗೆ ಮಾತ್ರ ಹೊಳೆಯುವ ಕಳ್ಳತನ ಅದು. ಒಂದು ಸಂಖ್ಯೆ ಆರಿಸಿ ಚೀಟಿಯ ಮೇಲೆ ದುಂಡಗೆ ಬರೆದೆ. ಒಪ್ಪಿಗೆಯ ಸಹಿಯನ್ನು ಎಡಗೈಯಲ್ಲಿ ಹಾಕಿದೆ.

ಮರುವಾರದ ಬುಧವಾರ ಸಾಮೂಹಿಕ ಆಲಿಸುವಿಕೆ. ನಾವು ಆರು ಜನ ಉದ್ದನೆಯ ಮೇಜಿನ ಸುತ್ತ ಕೂತಿದ್ದೆವು. ನನ್ನ ಪಕ್ಕದಲ್ಲಿ ಗಡಿಯಾರ. ಆತ ಸಮಾಜ ಕಾರ್ಯಕರ್ತ, ಮಾತಿಗೊಮ್ಮೆ ಕೈಗಡಿಯಾರ ನೋಡುತ್ತಾನೆ ಎಂದು ನಾವಿಟ್ಟ ಹೆಸರು. ಹಿಂದಿನ ವಾರ ಅವನ ರೆಕಾರ್ಡಿಂಗ್ ಕೇಳಿಸಿದಾಗ ರೋಗಿ ಅಳುತ್ತಿದ್ದ ಎರಡು ನಿಮಿಷ ಅವನು ಏನನ್ನೂ ಹೇಳದೆ ಕೂತಿದ್ದ. ಪಟ್ಟಿಯಲ್ಲಿ ಮೂರು ಅಂಶ ಬಿಟ್ಟುಹೋಗಿದ್ದವು. ನಾನು ಅವನ ಬಗ್ಗೆ ಮನಸ್ಸಿನಲ್ಲೇ ಕನಿಕರಪಟ್ಟಿದ್ದೆ.

ದೊಡ್ಡ ಸಿಸ್ಟರ್ ಕನ್ನಡಕ ಹಾಕಿಕೊಂಡು ನನ್ನ ಕಡೆ ನೋಡದೆ, ಇವತ್ತು ಒಂದೇ ರೆಕಾರ್ಡಿಂಗ್, ಅದರಲ್ಲೂ ಎರಡೇ ನಿಮಿಷ ಎಂದರು. ಗುಂಡಿ ಒತ್ತಿದರು. ನನ್ನದೇ ದನಿ. ವಾರದ ದಿನಗಳಲ್ಲಿ ಯಾವ ಹೊತ್ತು ಅತಿ ಕಷ್ಟ ಅನ್ನಿಸುತ್ತದೆ ಎಂದು ಕೇಳುತ್ತಿದ್ದೆ. ಆಮೇಲೆ ಅತ್ತಿಗೆಯ ದನಿ. ನಿಧಾನ, ಏರಿಳಿತವಿಲ್ಲ.

‘ಬೆಳಿಗ್ಗೆ ಎದ್ದ ತಕ್ಷಣ ಇವತ್ತು ಮುಗಿಯೋಕೆ ಇನ್ನೆಷ್ಟು ಹೊತ್ತಿದೆ ಅಂತ ಲೆಕ್ಕ ಹಾಕ್ತೀನಿ. ರಾತ್ರಿ ಮನೆಯವರನ್ನ ನಗಿಸ್ಬೇಕು. ಅದೊಂದು ಡ್ಯೂಟಿ. ಅವರು ನಗೋದನ್ನ ನೋಡ್ತಾ, ಇವರಿಗೆ ಗೊತ್ತಾಗ್ಲಿಲ್ಲವಲ್ಲ ಅಂತ ಕೂತಿರ್ತೀನಿ. ಎಲ್ಲ ಮುಗಿದ ಮೇಲೆ ಲೈಟ್ ಆಫ್ ಮಾಡ್ತೀನಲ್ಲ, ಹಾಗೆ ನನ್ನನ್ನೂ ಯಾರಾದ್ರೂ ಆಫ್ ಮಾಡಿದ್ರೆ ಸಾಕು ಅನ್ಸುತ್ತೆ.’

ಹಿನ್ನೆಲೆಯಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದು.

ಆಮೇಲೆ ನನ್ನ ದನಿ, ಗೆಲುವಾಗಿ: ‘ತುಂಬ ಚೆನ್ನಾಗಿದೆ. ಹಾಗಾದ್ರೆ ಈಗ ಮುಂದಿನ ವಾರದ ಕೆಲಸ ಗೊತ್ತುಮಾಡೋಣ.’

ದೊಡ್ಡ ಸಿಸ್ಟರ್ ನಿಲ್ಲಿಸಿದರು. ‘ಹದಿನೆಂಟನೇ ನಿಮಿಷ’ ಎಂದರು. ಗಡಿಯಾರ ಕೈ ಮೇಜಿನ ಕೆಳಗಿಟ್ಟುಕೊಂಡಿದ್ದ.

‘ತುಂಬ ಚೆನ್ನಾಗಿದೆ ಅಂದಿರಲ್ಲ’ ಎಂದು ಅವರು ಕೇಳಿದರು, ಬೈಯುವ ದನಿಯಲ್ಲಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವಂತೆ. ‘ಏನು ಚೆನ್ನಾಗಿತ್ತು?’

ಅಭಿನಯ. ಅಭಿನಯ ಚೆನ್ನಾಗಿತ್ತು. ಆ ಮಾತು ಹೇಳುವಾಗ ನಾನು ಅತ್ತಿಗೆಗೆ ಕಣ್ಣು ಮಿಟುಕಿಸಿದ್ದೆ, ಹೆಬ್ಬೆರಳು ಎತ್ತಿ ತೋರಿಸಿದ್ದೆ. ಅದು ರೆಕಾರ್ಡಿಂಗಿನಲ್ಲಿ ಇರಲಿಲ್ಲ. ನನಗೆ ಮಾತ್ರ ಕಾಣುತ್ತಿತ್ತು. ಮೇಜಿನ ಆಚೆ ಕೂತ ಅತ್ತಿಗೆ ನನ್ನ ಹೆಬ್ಬೆರಳನ್ನೇ ನೋಡಿ, ಆಮೇಲೆ ನಲ್ಲಿಯ ಕಡೆ ತಿರುಗಿದ್ದೂ ಕಾಣುತ್ತಿತ್ತು. ಆಗಲೂ ನೋಡಿದ್ದೆ. ನಾನು ಎಲ್ಲವನ್ನೂ ನೋಡುವವಳೇ.

ಗಾಬರಿಯಾಗಿತ್ತು ಸಿಸ್ಟರ್ ಎಂದೆ.

ಈ ರೋಗಿಯನ್ನು ಆಮೇಲೆ ನೋಡಿದಿರಾ ಎಂದು ಅವರು ಕೇಳಿದರು. ದಿನಾ ನೋಡುತ್ತೇನೆ ಎನ್ನುವ ಬದಲು ನೋಟ್ ಪುಸ್ತಕದ ಮೂಲೆ ಮಡಿಸಿದೆ. ಫೈಲ್ ಹುಡುಕಿಸಿದೆ, ಸಂಖ್ಯೆ ರದ್ದು ಅಂತ ಬರುತ್ತಿದೆ, ಕೌಂಟರಿನಲ್ಲಿ ತಪ್ಪಾಗಿರಬೇಕು ಎಂದರು ಅವರು. ತಪ್ಪು ಕೌಂಟರಿನದು ಎಂದುಕೊಂಡಿದ್ದರು, ಪಾಪ. ಮನೆ ನನಗೆ ಗೊತ್ತು, ಈಗಲೇ ಹೋಗಿ ನೋಡಿ ಬರುತ್ತೇನೆ ಎಂದೆ.

‘ಹೋಗಿ. ನೇರವಾಗಿ ಕೇಳಿ. ಕೇಳಿದ ಮೇಲೆ ನನಗೆ ಫೋನ್ ಮಾಡಿ. ನಾನು ಮನೆಗೆ ಹೋಗಲ್ಲ, ಇಲ್ಲೇ ಇರ್ತೀನಿ.’

ಬಸ್ಸಿನಲ್ಲಿ ನಿಲ್ಲುವುದಕ್ಕೂ ಜಾಗವಿರಲಿಲ್ಲ. ಅತ್ತಿಗೆಗೆ ಫೋನು ಮಾಡಿದೆ, ಎತ್ತಲಿಲ್ಲ. ಅವರು ಮಧ್ಯಾಹ್ನ ಫೋನು ಬೀರುವಿನ ಮೇಲಿಟ್ಟು ಮರೆಯುವುದು ಹೊಸದೇನಲ್ಲ. ಆದರೂ ಮತ್ತೆ ಮತ್ತೆ ಮಾಡಿದೆ. ಆ ಭಯದ ಜೊತೆಜೊತೆಗೇ ಮತ್ತೊಂದು ಕೆಲಸ ತಲೆಯೊಳಗೆ ನಡೆಯುತ್ತಿತ್ತು. ರೋಗಿ ಮನೆ ಖಾಲಿ ಮಾಡಿದ್ದಾರೆ ಸಿಸ್ಟರ್, ಅಕ್ಕನ ಮನೆಗೆ ಹೋಗಿದ್ದಾರಂತೆ, ಅಲ್ಲಿ ಡಾಕ್ಟರಿಗೆ ತೋರಿಸುತ್ತಿದ್ದಾರಂತೆ. ಅಕ್ಕನ ಮನೆಯೋ ತಾಯಿಯ ಮನೆಯೋ, ಯಾವುದು ಹೆಚ್ಚು ನಂಬುವ ಹಾಗಿರುತ್ತದೆ ಎಂದು ಕೂಡ ಯೋಚಿಸಿದೆ. ಒಳಗೆ ಒಬ್ಬಳು ನಡುಗುತ್ತಿದ್ದಳು, ಇನ್ನೊಬ್ಬಳು ತಣ್ಣಗೆ ಪದ ಆರಿಸುತ್ತಿದ್ದಳು. ಇಬ್ಬರೂ ನಾನೇ.

ಬಾಗಿಲು ತೆಗೆದದ್ದು ಅತ್ತಿಗೆಯೇ. ‘ಏನಮ್ಮ, ಕಿಟಕಿ ಕಿತ್ಕೊಂಡು ಹೋದ್ರಾ, ಇಷ್ಟು ಬೇಗ ಬಂದೆ?’ ಎಂದರು. ಅಣ್ಣ ಆ ವಾರದ ಮಧ್ಯಾಹ್ನದ ಪಾಳಿಗೆ ಹೋಗಿಯಾಗಿತ್ತು. ನಾನು ಚಪ್ಪಲಿ ಬಿಡದೆ ಒಳಗೆ ಹೋಗಿ ಅಡಿಗೆಮನೆಯ ಅದೇ ಕುರ್ಚಿಯಲ್ಲಿ ಕೂತೆ. ಅವರೂ ಕೂತರು.

‘ಅತ್ತಿಗೆ, ಸಾಯಬೇಕು ಅನ್ಸುತ್ತಾ ನಿಮಗೆ?’

ತರಬೇತಿಯಲ್ಲಿ ನಾವು ಆ ಪ್ರಶ್ನೆಯನ್ನು ಇಪ್ಪತ್ತು ಸಲ ಅಭ್ಯಾಸ ಮಾಡಿದ್ದೆವು. ಒಮ್ಮೆಯೂ ನನ್ನ ದನಿ ಹೀಗೆ ಒಡೆದಿರಲಿಲ್ಲ. ಅವರ ಮುಖದಲ್ಲಿ ನಗು ಬರಲು ತಯಾರಾಗಿ, ಬಾರದೆ, ಹಿಂದಕ್ಕೆ ಹೋಯಿತು.

‘ಸಾಯೋದು ಅಂತಲ್ಲ. ಅದಕ್ಕೆ ಏನೂ ಮಾಡ್ಕೊಂಡಿಲ್ಲ, ಮಾಡ್ಕೊಳ್ಳೋ ಯೋಚನೇನೂ ಇಲ್ಲ. ಇರೋದು ಬೇಡ ಅನ್ಸುತ್ತೆ, ಅಷ್ಟೇ. ಸುಮಾರು ದಿನದಿಂದ.’ ಆಮೇಲೆ, ‘ಹತ್ತು ದಿನ ತಗೊಂಡೆ ನೀನು’ ಎಂದರು.

ಎದ್ದು ಹೋಗಿ ಮಸಾಲೆ ಡಬ್ಬಗಳ ಹಿಂದಿನಿಂದ ಕಟ್ಟಿದ್ದ ಹಾಳೆಗಳನ್ನು ತಂದರು. ನಾನು ಸದ್ದಿಗೋಸ್ಕರ ತಳ್ಳಿದ್ದ ಹಾಳೆಗಳು. ಹತ್ತು ದಿನವೂ ತುಂಬಿದ್ದರು, ಒಂದು ಮನೆಯನ್ನೂ ಬಿಡದೆ. ಅಕ್ಷರ ಚಿಕ್ಕದು, ಹೊಲಿಗೆಯ ಹಾಗೆ ಒತ್ತೊತ್ತಾಗಿ. ರಾತ್ರಿಯ ಪೆನ್ನಿನ ಸದ್ದು ಆಗ ನನಗೆ ಅರ್ಥವಾಯಿತು.

ಬುಧವಾರ ಮೂರು ಗಂಟೆ, ಕತ್ತರಿ ಹೊರಗೆ ತೆಗೆದದ್ದು, ಎರಡು. ಹಳೆಯ ಹೊದಿಕೆ ಉದ್ದಕ್ಕೆ ಕತ್ತರಿಸಿದ್ದು, ಐದು. ಶುಕ್ರವಾರ ಪಾರ್ಕಿನವರೆಗೆ ಹೋಗಲಿಲ್ಲ, ಗೇಟಿನ ತನಕ ಹೋಗಿ ಬಂದದ್ದು, ಮೂರು. ರಾತ್ರಿ ಎಂಟು, ಊಟ, ಮ್ಯಾನೇಜರಿನ ಥರ ಮಾತಾಡಿ ಇಬ್ಬರನ್ನೂ ನಗಿಸಿದ್ದು, ಒಂದು. ರಾತ್ರಿ ಹನ್ನೊಂದೂವರೆ, ಇದನ್ನು ಬರೆದದ್ದು, ನಾಲ್ಕು. ನಾನು ಮೊದಲ ಹಾಳೆಗೆ ಹೋದೆ. ಭಾನುವಾರ ಹನ್ನೊಂದು ಗಂಟೆಯ ಮನೆಯಲ್ಲಿ ಎರಡು ಸಾಲಿದ್ದವು. ನಾದಿನಿಯ ಹತ್ತಿರ ಎಲ್ಲ ಹೇಳಿದ್ದು, ಆರು. ಅವಳು ಚಪ್ಪಾಳೆ ತಟ್ಟಿದ್ದು, ಸೊನ್ನೆ.

ನೆಲ ಬಿರಿದು ನನ್ನನ್ನು ನುಂಗಬಾರದೆ ಎನ್ನಿಸಿತು. ನೆಲ ತಣ್ಣಗೆ ಇದ್ದಲ್ಲೇ ಇತ್ತು. ಅದರ ಮೇಲೆ ನನ್ನ ಚಪ್ಪಲಿಯ ಮಣ್ಣು.

ಕ್ಷಮಿಸಿ ಎಂದೆ. ಕೇಂದ್ರಕ್ಕೆ ಬನ್ನಿ, ಅಲ್ಲಿ ನೋಡುತ್ತಾರೆ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. ಹೊರಗಿನವರ ಮುಂದೆ ಇದನ್ನೆಲ್ಲ ಹೇಳಲು ಆಗುವುದಿಲ್ಲ, ನಿಮ್ಮಣ್ಣನಿಗೆ ಗೊತ್ತಾದರೆ ಊಟ ಬಿಡುತ್ತಾರೆ, ಬೇಕಾದರೆ ನೀನೇ ವಾರಕ್ಕೊಮ್ಮೆ ಇಲ್ಲೇ ಕೂತುಕೋ, ಆ ಮೆಷಿನ್ನೂ ಇಡು, ನಿನ್ನ ಪರೀಕ್ಷೆಗೂ ಆಗುತ್ತದೆ ಎಂದರು.

ಎಷ್ಟು ಸಲೀಸಾದ ದಾರಿ. ಯಾರಿಗೂ ಏನೂ ಹೇಳಬೇಕಾಗಿಲ್ಲ. ಹತ್ತು ದಿನದ ಹಾಳೆ ಕೈಯಲ್ಲಿದೆ, ಇದಕ್ಕಿಂತ ಚೆಂದದ ಹಾಳೆಯನ್ನು ನಮ್ಮಲ್ಲಿ ಯಾರೂ ತಂದಿರಲಿಲ್ಲ. ಆಗಲಿ ಅತ್ತಿಗೆ ಎಂದು ನಾಲಿಗೆಯ ತುದಿಗೆ ಬಂದಿತ್ತು. ಅವರು ಹೊರಗಿನವರು ಬೇಡ ಎಂದದ್ದು ನನಗೆ ಎಷ್ಟು ಅನುಕೂಲವಾಗಿದೆ ಎಂದು ಹೊಳೆದದ್ದು ಆಗಲೇ. ಹೊಳೆದ ಮೇಲೆ ಅವರ ಮುಖ ನೋಡಲಾಗಲಿಲ್ಲ. ಹಾಳೆಯ ಮೇಲಿನ ಸೊನ್ನೆಯನ್ನೇ ನೋಡುತ್ತ ಫೋನು ತೆಗೆದೆ.

‘ನಾನು ನೋಡೋದು ಬೇಡ ಅತ್ತಿಗೆ. ನನಗೆ ಕಾಣಲ್ಲ. ಒಂದು ಸಲ ನೋಡಿದ್ರಲ್ಲ.’

ಅವರ ಎದುರಿಗೇ ಫೋನು ಮಾಡಿದೆ. ಸಿಸ್ಟರ್, ಆ ರೋಗಿ ನನ್ನ ಅತ್ತಿಗೆ ಎಂದೆ. ರೆಕಾರ್ಡಿಂಗ್ ನಾಟಕ ಅಂತ ಮಾಡಿದ್ದು, ನಂಬರು ನಾನೇ ಹಾಕಿದ್ದು, ಸಹಿ ನಂದೇ ಎಂದು ಒಂದೇ ಉಸಿರಿಗೆ ಹೇಳತೊಡಗಿದೆ. ಅವರು ತಡೆದರು.

‘ಅದೆಲ್ಲ ಆಮೇಲೆ. ಅವರು ಹೇಗಿದ್ದಾರೆ, ಮೊದಲು ಅದು ಹೇಳಿ.’

ಹೇಳಿದೆ. ಇವತ್ತು ರಾತ್ರಿ ನೀವು ಅವರ ಹತ್ತಿರವೇ ಇರಿ, ನಾಳೆ ಬೆಳಿಗ್ಗೆ ಕರೆದುಕೊಂಡು ಬನ್ನಿ ಎಂದರು. ನೀವು ನೋಡುವ ಹಾಗಿಲ್ಲ, ಗೊತ್ತಲ್ಲ ಎಂದರು. ಗೊತ್ತು ಎಂದೆ. ಅತ್ತಿಗೆಗೆ ಕೊಡಿ ಎಂದರು. ಅತ್ತಿಗೆ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೂಂ, ಹೂಂ ಎನ್ನುತ್ತಿದ್ದವರು ಒಮ್ಮೆ ಮಾತ್ರ, ‘ಅವಳಿಗೆ ಏನೂ ಮಾಡ್ಬೇಡಿ ಮೇಡಂ’ ಎಂದರು. ನಾನು ಎದ್ದು ಹೋಗಿ, ಮುಚ್ಚಿದ್ದ ನಲ್ಲಿಯನ್ನು ಮತ್ತೆ ಬಿಗಿಯಾಗಿ ತಿರುಗಿಸಿದೆ.

ಮಾಡಬೇಕಾದ್ದನ್ನು ದೊಡ್ಡ ಸಿಸ್ಟರ್ ಮಾಡಿದರು. ನನ್ನ ಮೂರನೆಯ ರೆಕಾರ್ಡಿಂಗಿಗೆ ಸೊನ್ನೆ. ಸುಳ್ಳು ಸಂಖ್ಯೆಗೆ ಒಂದು ಲಿಖಿತ ಎಚ್ಚರಿಕೆ, ಮುಚ್ಚಿದ ಲಕೋಟೆಯಲ್ಲಿ. ಈ ಸಾಲಿನ ತರಬೇತಿಯಿಂದ ಕೈಬಿಟ್ಟಿದೆ, ಮುಂದಿನ ಸಾಲಿಗೆ ಮೊದಲಿಂದ ಕೂರಬಹುದು. ಒಟ್ಟಿಗೆ ಕಲಿತ ಐವರಿಗೆ ಕಾರಣ ಹೇಳಲಿಲ್ಲ. ಅತ್ತಿಗೆಯ ಗುಟ್ಟು ಕಾಯುವುದಕ್ಕೆ ಎಂದು ನನಗೆ ಗೊತ್ತು, ನನ್ನ ಮರ್ಯಾದೆಗಲ್ಲ.

ನಾನು ಕಿಟಕಿಯ ಹಿಂದೆ ವಾಪಸು ಬಂದೆ. ಮಂಗಳವಾರ ಹನ್ನೊಂದಕ್ಕೆ ಅತ್ತಿಗೆ ಬರುತ್ತಾರೆ. ಸರದಿಯಲ್ಲಿ ನಿಲ್ಲುತ್ತಾರೆ. ಮನೆಯಿಂದ ಒಂದೇ ಬಸ್ಸಿನಲ್ಲಿ ಬರಬಹುದು, ಆದರೆ ಅವರು ಒಬ್ಬಳೇ ಬರುತ್ತೇನೆ ಎಂದರು, ಅದು ಹಾಳೆಯಲ್ಲಿ ಬರೆದುಕೊಂಡ ಕೆಲಸವಂತೆ. ಮೊದಲ ಸಲ ನನ್ನ ಎದುರು ನಿಂತಾಗ ನಾನು ಚೀಟಿ ಬರೆಯುತ್ತ ಅಭ್ಯಾಸಬಲದಿಂದ, ಹೆಸರು, ಎಂದೆ. ಅವರು ಹೆಸರು ಹೇಳಿದರು. ವಯಸ್ಸು ಹೇಳಿದರು. ‘ಸಕ್ಕರೆ ಕಮ್ಮಿ’ ಎಂದೂ ಮೆಲ್ಲಗೆ ಸೇರಿಸಿದರು. ನನಗೆ ನಗಲೂ ಆಗಲಿಲ್ಲ, ತಲೆಯೆತ್ತಲೂ ಆಗಲಿಲ್ಲ. ಎರಡನೇ ಬೆಂಚಿನಲ್ಲಿ ಕೂತ್ಕೊಳ್ಳಿ ಎಂದೆ. ಅವರನ್ನು ನೋಡುತ್ತಿರುವವನು ಗಡಿಯಾರ. ಬಾಗಿಲ ಮೇಲೆ ಅವನ ಹೆಸರಿನ ಫಲಕ ಬಂದಿದೆ. ಅತ್ತಿಗೆ ಒಳಗೆ ಹೋಗುವಾಗ ಅವನು ಕೈಗಡಿಯಾರ ಬಿಚ್ಚಿ ಮೇಜಿನ ಡ್ರಾಯರಿಗೆ ಹಾಕುವುದು ನನ್ನ ಕಿಟಕಿಯಿಂದ ಕಾಣುತ್ತದೆ. ಬಾಗಿಲು ಮುಚ್ಚುತ್ತದೆ. ಆಮೇಲೆ ಐವತ್ತು ನಿಮಿಷ ನಾನು ಬರೆಯುವ ಚೀಟಿಗಳಲ್ಲಿ ಒಂದಾದರೂ ತಪ್ಪಿರುತ್ತದೆ.

ಅಣ್ಣನಿಗೆ ಅತ್ತಿಗೆಯೇ ಹೇಳಿದರು. ನನಗೆ ಮನಸ್ಸು ಸರಿಯಿಲ್ಲ, ಮಂಗಳವಾರ ತೋರಿಸುವುದಕ್ಕೆ ಹೋಗುತ್ತೇನೆ ಎಂದು. ಅವನು ಎರಡು ದಿನ ಪೆಟ್ಟು ತಿಂದವನ ಹಾಗೆ ಓಡಾಡಿದ. ಮೂರನೆಯ ದಿನ ಎಲ್ಲಿಂದಲೋ ಒಂದು ಥಾನು ಬಿಳಿ ಬಟ್ಟೆ ಹೊತ್ತು ತಂದು ಮಾತಿಲ್ಲದೆ ಮಂಚದ ಮೇಲಿಟ್ಟ. ಆದರೆ ನನ್ನ ವಿಷಯ ಅವನಿಗೆ ಅರ್ಥವಾಗಿರಲಿಲ್ಲ. ಪಂಪ್ ಹೌಸಿನಲ್ಲಿ ಎಲ್ಲರೂ ತಂಗಿಗೆ ಕೋಣೆ ಸಿಕ್ಕಿತಾ ಎಂದು ಕೇಳುತ್ತಿದ್ದರಂತೆ. ಒಂದು ರಾತ್ರಿ ಊಟಕ್ಕೆ ಕೂತಾಗ ನೇರವಾಗಿಯೇ ಕೇಳಿದ.

‘ಎಲ್ಲ ಪಾಸು ಪಾಸು ಅಂತಿದ್ದೆ. ಮತ್ತೆ ಕಿಟಕಿಗೆ ಯಾಕೆ ಬಂದೆ? ಏನಾಯ್ತು ಅಲ್ಲಿ?’

ನಾನು ತಟ್ಟೆ ನೋಡುತ್ತಿದ್ದೆ. ಅತ್ತಿಗೆ ಲೋಟ ಕೆಳಗಿಟ್ಟದ್ದು ಕೇಳಿಸಿತು. ಗಂಟಲು ಸರಿಮಾಡಿಕೊಂಡದ್ದೂ ಕೇಳಿಸಿತು. ಬಂತು ಎಂದುಕೊಂಡೆ. ಇದಕ್ಕಿಂತ ಒಳ್ಳೆಯ ಪ್ರಸಂಗ ಅವರಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಹೆಬ್ಬೆರಳು, ಮಿಟುಕಿಸಿದ ಕಣ್ಣು, ತುಂಬ ಚೆನ್ನಾಗಿದೆ ಎನ್ನುವ ನನ್ನ ಗೆಲುವಿನ ದನಿ. ಅವರು ನನ್ನ ದನಿಯನ್ನು ಎಷ್ಟು ಸಲ ಮಾಡಿ ತೋರಿಸಿಲ್ಲ. ಅಣ್ಣ ಮೊದಲು ನಗುತ್ತಾನೆ, ಆಮೇಲೆ ಅರ್ಥವಾಗಿ ನಿಲ್ಲಿಸುತ್ತಾನೆ, ಆಮೇಲೆ ನನ್ನ ಕಡೆ ನೋಡುತ್ತಾನೆ. ಆ ನೋಟಕ್ಕೆ ನಾನು ತಯಾರಾಗಿ ಕೂತೆ. ಅದು ನನಗೆ ಬರಬೇಕಾದ್ದೇ.

‘ರೆಕಾರ್ಡಿಂಗ್ ಸರಿ ಬರ್ಲಿಲ್ಲವಂತೆ’ ಎಂದರು ಅತ್ತಿಗೆ, ತಮ್ಮದೇ ದನಿಯಲ್ಲಿ. ‘ಮುಂದಿನ ಸಲ ಕೂರ್ತಾಳೆ. ನೀವು ಊಟ ಮಾಡಿ.’

ಅಣ್ಣ ಮೆಷಿನ್ನುಗಳನ್ನು ಬೈಯುತ್ತ ಊಟ ಮುಗಿಸಿ ಎದ್ದು ಹೋದ. ಅತ್ತಿಗೆ ತಟ್ಟೆಗಳನ್ನು ತೊಳೆಯುತ್ತಿದ್ದರು, ನಾನು ಒರೆಸುತ್ತಿದ್ದೆ. ಒರೆಸುವ ಬಟ್ಟೆ ಹಳೆಯ ಹೊದಿಕೆಯದು. ಅಂಚು ನೂಲು ಹಿಡಿದ ಹಾಗೆ ನೆಟ್ಟಗಿತ್ತು.

‘ಯಾಕೆ ಹೇಳ್ಲಿಲ್ಲ ಅತ್ತಿಗೆ?’

ಅವರು ಬೆರಳುಗಳ ನೀರು ಕೊಡವಿದರು. ‘ಹೇಳಿದ್ರೆ ನಗ್ತಾರೆ. ನಗಿಸೋದು ಈ ವಾರ ನನ್ನ ಹಾಳೇಲಿಲ್ಲ.’

ನಲ್ಲಿ ನಿಲ್ಲಿಸಿ ಅವರು ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಕ್ಷಮೆಯೂ ಇರಲಿಲ್ಲ.

‘ನಿಮ್ಮಣ್ಣನಿಗೂ ಇಲ್ಲ, ಮೇಲಿನ ಮನೆಯವಳಿಗೂ ಇಲ್ಲ, ಯಾರಿಗೂ ಹೇಳಲ್ಲ’ ಎಂದರು. ‘ನಿನಗೋಸ್ಕರ ಅಂತ ತಿಳ್ಕೋಬೇಡ. ಆವತ್ತು ನಾನು ಹೇಳಿದ್ದು ನಿಜ. ಅದನ್ನ ಇನ್ನೊಂದು ಸಲ ನಾಟಕ ಮಾಡೋಕೆ ನನಗಿಷ್ಟ ಇಲ್ಲ.’

ಕೊನೆಯ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಕಟ್ಟೆಯ ಮೇಲಿದ್ದ ಪೆನ್ನು ತೆಗೆದುಕೊಂಡು ಅವರು ಒಳಗೆ ಹೋದರು.